4:24 ಅನ್ನು ಆರರಿಂದ ಭಾಗಿಸಬೇಡಿ ಸರ್

ಸರ್, ನಿಮ್ಮ ಶೀಟ್ ನೋಡಿದೆ. 2025ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಲ್ಲಿ ಗೆದ್ದ ಪೊಗಾಚಾರ್ ಮತ್ತು ಎರಡನೆಯವನಾದ ವಿಂಗೆಗಾರ್ಡ್ ನಡುವೆ ಕೊನೆಗೆ ಉಳಿದ ಅಂತರ 4:24 (ನಿಮಿಷ:ಸೆಕೆಂಡ್), ಬೆಟ್ಟದ ಸ್ಟೇಜ್ (ಒಂದು ದಿನದ ಓಟ) ಆರು, ಹಾಗಾಗಿ ಬೆಟ್ಟಕ್ಕೆ 44 ಸೆಕೆಂಡ್, ಮುಂದಿನ ಟೂರ್‌ಗೂ ಇದೇ ದರ ಹಾಕಿದರೆ ಎರಡನೇ ವಾರಕ್ಕೇ ಹಳದಿ ಜೆರ್ಸಿ (ಒಟ್ಟಾರೆ ಮುಂದಿರುವವನದು) ಭದ್ರ ಅಂತ ಬರೆದಿದ್ದೀರಿ. 2023ರಲ್ಲಿ ನಾನು ಹಾಕಿದ್ದೂ ಇದೇ ಲೆಕ್ಕ, ಕೈಕೊಟ್ಟದ್ದೂ ಇದೇ ಜಾಗದಲ್ಲಿ. ಕೆಳಗೆ ಹತ್ತು ಜನ ಆಗಲೇ ಆ ಶೀಟ್ ಕಾಪಿ ಮಾಡಿಕೊಂಡಿದ್ದಾರೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆ 4:24 ಅನ್ನು ಬಿಡಿಸಿ ನೋಡಿ. ಕಾನ್ ಊರಿನ 33 ಕಿ.ಮೀ. ಟಿಟಿಯಲ್ಲಿ (ಟೈಮ್ ಟ್ರಯಲ್, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ಸ್ಟೇಜ್) 1:05. ಓಟಾಕಾಮ್‌ನಲ್ಲಿ 2:10, ಮೇಲೆ ಬೋನಸ್ಸಿನ (ಮೊದಲ ಮೂವರ ಸಮಯದಲ್ಲಿ ಕಳೆಯುವ ಸೆಕೆಂಡ್) 4 ಸೆಕೆಂಡ್. ಮಾರನೇ ದಿನ ಪೇರಾಗ್ಯೂಡ್ ಏರಿನ ಟಿಟಿ, 10.9 ಕಿ.ಮೀ., 36 ಸೆಕೆಂಡ್. ಈ ಮೂರೇ ದಿನಕ್ಕೆ 3:55 ಆಯಿತು. 13ನೇ ಸ್ಟೇಜ್ ಮುಗಿದಾಗ ಅಂತರ 4:07. ಆಮೇಲೆ ಸೂಪರ್‌ಬಾನ್ಯೇರ್, ವಾಂತೂ, ಕೋಲ್ ದ ಲಾ ಲೋಜ್, ಲಾ ಪ್ಲಾನ್ ಅಂತ ನಾಲ್ಕು ತುದಿಗಳಲ್ಲಿ ಸ್ಟೇಜ್ ಮುಗಿದರೂ ಅಂತರ ಬೆಳೆದದ್ದು ಬರೀ 17 ಸೆಕೆಂಡ್. ಲಾ ಪ್ಲಾನ್‌ನಲ್ಲಿ ವಿಂಗೆಗಾರ್ಡ್ ಎರಡನೆಯವನಾಗಿ ಬಂದು ಬೋನಸ್‌ನಲ್ಲಿ 2 ಸೆಕೆಂಡ್ ವಾಪಸ್ಸೇ ತೆಗೆದುಕೊಂಡ. ನಿಮ್ಮ ಆರು ಬೆಟ್ಟದ ಸ್ಟೇಜಲ್ಲಿ ನಿಜಕ್ಕೂ ಅಂತರ ಮಾಡಿದ್ದು ಒಂದು. ಉಳಿದದ್ದು ಟಿಟಿ. 44 ಅನ್ನೋ ಸಂಖ್ಯೆ ಯಾವ ದಿನದಲ್ಲೂ ಇಲ್ಲ.

2023 ಇದಕ್ಕಿಂತ ಒಳ್ಳೆ ಪಾಠ. ಐದನೇ ಸ್ಟೇಜಿಗೆ ಪೊಗಾಚಾರ್ 53 ಸೆಕೆಂಡ್ ಹಿಂದೆ. ಕೋತೆರೆ ಆದ ಮೇಲೆ 25, ಪ್ಯೂಯಿ ದ ದೋಮ್ ಆದ ಮೇಲೆ 17, ಗ್ರಾಂ ಕೊಲಂಬಿಯೇ ಆದ ಮೇಲೆ 9. ಗ್ರಾಫ್ ಹಾಕಿದರೆ ಗೆರೆ ನೇರವಾಗಿ ಸೊನ್ನೆಗೆ ಇಳಿಯುತ್ತಿತ್ತು, ನೋಡಿದವರೆಲ್ಲ ಇನ್ನೆರಡು ದಿನ ಅಂದರು. ಆಮೇಲೆ ಕಾಂಬ್ಲೂ ಟಿಟಿ ಬಂತು, 22.4 ಕಿ.ಮೀ., ಅರ್ಧ ಗಂಟೆ ಚಿಲ್ಲರೆಯ ಸವಾರಿ. ವಿಂಗೆಗಾರ್ಡ್ 1:38 ತೆಗೆದ. ಮಾರನೇ ದಿನ ಲೋಜ್ ಏರಿನಲ್ಲಿ ಪೊಗಾಚಾರ್ ಕಾಲು ಸೋತಿತು, 1:48 ಇದ್ದದ್ದು 7:35 ಆಯಿತು. ವಾರಕ್ಕೂ ಹೆಚ್ಚು ಕಾಲ ಹನಿಹನಿಯಾಗಿ ಸೇರಿಸಿದ್ದು 44 ಸೆಕೆಂಡ್, ಎರಡು ದಿನದಲ್ಲಿ ಹೋದದ್ದು ಏಳೂವರೆ ನಿಮಿಷದ ಹತ್ತಿರ. ಕೊನೆಯ 500 ಮೀಟರ್‌ನ ಸ್ಪ್ರಿಂಟಲ್ಲಿ ಸಿಗುವ ಸೆಕೆಂಡಿಗೂ, ಐದನೇ ಗಂಟೆಯ ಸುಸ್ತಿನಲ್ಲಿ ಬೀಳುವ ಸೆಕೆಂಡಿಗೂ ಸಂಬಂಧವೇ ಇಲ್ಲ. ಎರಡನ್ನೂ ಒಂದೇ ಕಾಲಂನಲ್ಲಿ ಕೂಡಿದ್ದೇ ತಪ್ಪು.

ಹಾಗಾಗಿ ಶೀಟಲ್ಲಿ ಅಂತರಕ್ಕೆ ಮೂರು ಕಾಲಂ ಮಾಡಿ: ರಸ್ತೆಯಲ್ಲಿ ಸಿಕ್ಕಿದ್ದು, ಬೋನಸ್, ಟಿಟಿ. ಬೋನಸ್ ಅಂದರೆ ಅಂತಿಮ ಗೆರೆಯಲ್ಲಿ ಮೊದಲ ಮೂವರಿಗೆ 10, 6, 4 ಸೆಕೆಂಡ್. ಟಿಟಿಗೆ ಬೋನಸ್ ಇಲ್ಲ. ಕೆಲವು ವರ್ಷ ಏರಿನ ತುದಿಯಲ್ಲೂ 8, 5, 2 ಇಟ್ಟಿರುತ್ತಾರೆ, ಆ ವರ್ಷದ ನಿಯಮ ನೋಡಿಕೊಳ್ಳಿ. ಟಿಟಿಯನ್ನು ಕಿ.ಮೀ.ಗೆ ಇಳಿಸಿ ಇಡಿ: ಕಾನ್‌ನ ಸಪಾಟು ರಸ್ತೆಯಲ್ಲಿ ಕಿ.ಮೀ.ಗೆ ಸುಮಾರು 2 ಸೆಕೆಂಡ್, ಪೇರಾಗ್ಯೂಡ್‌ನಲ್ಲಿ 3.3, ಕಾಂಬ್ಲೂನಲ್ಲಿ 4.4, ಅದೂ ಎದುರು ದಿಕ್ಕಿಗೆ, ವಿಂಗೆಗಾರ್ಡ್ ಪರವಾಗಿ. ಒಂದರ ದರ ಇನ್ನೊಂದಕ್ಕೆ ಹಾಕಬೇಡಿ.

ಆಮೇಲೆ ರೂಟ್ ಪುಸ್ತಕ ತೆಗೆದು ಸವಾರರನ್ನು ಮುರಿಯುವ ದಿನ ಯಾವುದು ಅಂತ ಮೊದಲೇ ಗುರುತು ಹಾಕಿ. ಕೊನೆಯ ಏರಿನ ಶೇಕಡಾ ಒಂದನ್ನೇ ನೋಡಿದರೆ ಏನೂ ಗೊತ್ತಾಗಲ್ಲ, ಅದಕ್ಕೂ ಮುಂಚೆ ಎಷ್ಟು ಹತ್ತಿಸುತ್ತಾರೆ ಅನ್ನೋದು ಮುಖ್ಯ. 2022ರ ಟೂರ್‌ನ ಗ್ರಾನೋನ್ ಏರು ತಗೊಳ್ಳಿ: 11.3 ಕಿ.ಮೀ., ಸರಾಸರಿ ಶೇ. 9.2, ತುದಿ 2,413 ಮೀಟರ್. ಅದಕ್ಕೂ ಮೊದಲೇ 2,642 ಮೀಟರಿನ ಗಾಲಿಬಿಯೇಯಲ್ಲಿ ವಿಂಗೆಗಾರ್ಡ್ ತಂಡದ ರೋಗ್ಲಿಚ್ ಒಮ್ಮೆ, ವಿಂಗೆಗಾರ್ಡ್ ಒಮ್ಮೆ ಅಂತ ಸರದಿಯಲ್ಲಿ ಎದ್ದರು, ಪೊಗಾಚಾರ್ ಪ್ರತಿಯೊಂದಕ್ಕೂ ತಾನೇ ಉತ್ತರ ಕೊಟ್ಟ. ಅಲ್ಲಿ ಒಂದು ಸೆಕೆಂಡೂ ಹೋಗಲಿಲ್ಲ. ಬಿಲ್ ಬಂದದ್ದು ಗ್ರಾನೋನ್‌ನಲ್ಲಿ, 2:51. ನಮ್ಮ ನಂದಿ ಬೆಟ್ಟದ ತುದಿ 1,478 ಮೀಟರ್. ಅದರ ಮೇಲೆ ಇನ್ನೂ ಸಾವಿರ ಮೀಟರ್ ಹತ್ತಿರ ಎತ್ತರದಲ್ಲಿ, ತೆಳು ಗಾಳಿಯಲ್ಲಿ ಮತ್ತೆ ಮತ್ತೆ ಎದ್ದು ತುಳಿದರೆ ಚೇತರಿಕೆ ನಿಧಾನ. 2,000 ಮೀಟರ್ ದಾಟುವ ತುದಿಗಳಿಗೆ ಬೇರೆ ಬಣ್ಣ ಹಾಕಿ.

ಇನ್ನೊಂದು ಕಾಲಂ: ಕೊನೆಯ ಏರಿನ ಬುಡದಲ್ಲಿ ಯಾರ ಜೊತೆ ಎಷ್ಟು ಸಹಾಯಕರು ಉಳಿದರು, ಮುಂದೆ ಓಡಿಹೋದ ಗುಂಪಾದ ಬ್ರೇಕ್‌ನಲ್ಲಿ ಯಾರಾದರೂ ಕಾಯುತ್ತಿದ್ದಾರಾ. 2025ರ ಇಟಲಿಯ ಜಿರೋ ರೇಸಲ್ಲಿ, ಫಿನೆಸ್ತ್ರೆ ಏರಿಗೆ ಮುಂಚೆ, ಮೊದಲ ಸ್ಥಾನದ ಡೆಲ್ ಟೊರೋಗಿಂತ ಕರಾಪಾಜ್ 43 ಸೆಕೆಂಡ್ ಹಿಂದೆ, ಸೈಮನ್ ಯೇಟ್ಸ್ 1:21 ಹಿಂದೆ. ಫಿನೆಸ್ತ್ರೆಯಲ್ಲಿ ಮೊದಲಿಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಕೂತರು. ಯೇಟ್ಸ್ ಹೋದ, ಏರು ಇಳಿದ ಮೇಲೆ ಬ್ರೇಕ್‌ನಲ್ಲಿದ್ದ ಅವನದೇ ತಂಡದ ವಾನ್ ಆರ್ಟ್ ಸಿಕ್ಕಿ ಕಣಿವೆಯಲ್ಲಿ ಎಳೆದ, ಯೇಟ್ಸ್ ಜಿರೋವನ್ನು 3:56 ಅಂತರದಲ್ಲಿ ಗೆದ್ದ. ಇಬ್ಬರ ಜಗಳ ಅಂತ ಶೀಟ್ ಮಾಡಿದರೆ ಮೂರನೆಯವನಿಗೆ ಅದರಲ್ಲಿ ಜಾಗವೇ ಇರಲ್ಲ.

ಟಿವಿಯಲ್ಲಿ ತೋರಿಸುವ ಅಂತರ ನೋಡಿ ಗುಂಪಲ್ಲಿ ಕೂಗಾಡಬೇಡಿ, ಅದು ಜಿಪಿಎಸ್ ಮೇಲೆ ನಡೆಯುತ್ತದೆ, ತಿರುವುಗಳಲ್ಲಿ ಜಿಗಿಯುತ್ತದೆ. ಫೋನಿನ ಸ್ಟಾಪ್‌ವಾಚ್ ಇಟ್ಟುಕೊಳ್ಳಿ. ಮುಂದಿನವನ ಮುಂದಿನ ಚಕ್ರ ಒಂದು ಬೋರ್ಡ್, ಗಾಳಿ ತುಂಬಿದ ಕಮಾನು ಅಥವಾ ರಸ್ತೆಗೆ ಬಳಿದ ಹೆಸರು ದಾಟಿದಾಗ ಒತ್ತಿ, ಹಿಂದಿನವನು ಅದೇ ಗುರುತು ದಾಟಿದಾಗ ನಿಲ್ಲಿಸಿ. ನಡುವೆ ಮರುಪ್ರದರ್ಶನ ಬಂದರೆ ಆ ಅಳತೆ ಬಿಟ್ಟುಬಿಡಿ. ಕಣ್ಣಂದಾಜಂತೂ ಬೇಡವೇ ಬೇಡ: ಏರಿನಲ್ಲಿ 20 ಕಿ.ಮೀ. ವೇಗದಲ್ಲಿ 30 ಸೆಕೆಂಡ್ ಅಂದರೆ 167 ಮೀಟರ್, ಇಳಿಜಾರಲ್ಲಿ 60 ವೇಗಕ್ಕೆ ಅದೇ 30 ಸೆಕೆಂಡ್ 500 ಮೀಟರ್. ಏರಿನಲ್ಲಿ "ಹತ್ತಿರ ಬಂದ" ಅಂತ ಕಾಣುವುದು ಬಹಳ ಸಲ ಹತ್ತಿರ ಬಂದದ್ದಲ್ಲ.

ವರ್ಷಕ್ಕೆ ವರ್ಷ ಹೋಲಿಸುವವರು ತಯಾರಿಯ ಸಾಲನ್ನೂ ಸೇರಿಸಿ. 2023ರ ಏಪ್ರಿಲ್‌ನಲ್ಲಿ ಲಿಯೇಜ್ ರೇಸಲ್ಲಿ ಪೊಗಾಚಾರ್ ಮಣಿಕಟ್ಟಿನ ಮೂಳೆ ಮುರಿದುಕೊಂಡಿದ್ದ. 2024ರ ಏಪ್ರಿಲ್‌ನಲ್ಲಿ ಬಾಸ್ಕ್ ರೇಸಲ್ಲಿ ಬಿದ್ದ ವಿಂಗೆಗಾರ್ಡ್‌ಗೆ ಕಾಲರ್ ಬೋನ್, ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೂ ಪೆಟ್ಟಾಗಿತ್ತು. ಆ ಎರಡು ವರ್ಷದ ಅಂತರಗಳನ್ನು ಯಾರು ದೊಡ್ಡವನು ಅಂತ ತೀರ್ಮಾನಿಸಲು ಬಳಸುವುದು ಅನ್ಯಾಯ, ಎರಡೂ ಕಡೆಯ ಅಭಿಮಾನಿಗಳಿಗೆ ಹೇಳುತ್ತಿದ್ದೇನೆ.

ಪೊಗಾಚಾರ್‌ನ ಕೊಲ್ನಾಗೋ ಸೈಕಲ್ ಹಗುರ, ವಿಂಗೆಗಾರ್ಡ್‌ನ ಸೆರ್ವೆಲೋ ಭಾರ ಅನ್ನೋ ವಾದ ದಯವಿಟ್ಟು ನಿಲ್ಲಿಸಿ. ಸೈಕ್ಲಿಂಗ್ ಒಕ್ಕೂಟ ಯುಸಿಐ ಇಟ್ಟ ಕನಿಷ್ಠ ತೂಕ 6.8 ಕೆ.ಜಿ., ಎರಡೂ ಅದರ ಆಸುಪಾಸಲ್ಲೇ ಇರುತ್ತವೆ. 300 ಗ್ರಾಂ ವ್ಯತ್ಯಾಸವೇ ಇದೆ ಅಂದುಕೊಂಡರೂ, ಸವಾರ ಸೈಕಲ್ ಸೇರಿ 73 ಕೆ.ಜಿ. ಇದ್ದರೆ 35 ನಿಮಿಷದ ಕಡಿದಾದ ಏರಿಗೆ ಬರುವುದು 8 ಸೆಕೆಂಡ್ ಚಿಲ್ಲರೆ. ಓಟಾಕಾಮ್‌ನ 2:10 ಅದರಿಂದ ಬರಲ್ಲ. ಸ್ಟ್ರಾವಾ ಆ್ಯಪಲ್ಲಿ ಸಿಗುವ ಏರಿನ ಸಮಯ ಉಪಯೋಗಕ್ಕೆ ಬರುತ್ತದೆ, ಆದರೆ ಅದರ ಅಂದಾಜು ವ್ಯಾಟ್ಸ್ (ತುಳಿತದ ಶಕ್ತಿ) ನಂಬಬೇಡಿ. ಗಾಳಿಯ ದಿಕ್ಕು, ಯಾರ ಹಿಂದೆ ಕೂತಿದ್ದ ಅನ್ನೋದು ಅದಕ್ಕೆ ಗೊತ್ತಿಲ್ಲ.

ಕೊನೆಯ ಗಂಟೆಯಲ್ಲಿ ಬಾಟಲಿ, ಜೆಲ್ ಯಾರು ತೆಗೆದುಕೊಂಡರು, ಯಾರು ಬಿಟ್ಟರು ಅಂತಲೂ ನೋಡಿ. ಈಗಿನ ಸವಾರರು ಗಂಟೆಗೆ 90ರಿಂದ 120 ಗ್ರಾಂ ಕಾರ್ಬ್ ತಿನ್ನುತ್ತಾರೆ, ಒಂದು ಸಲ ತಪ್ಪಿದರೆ ಕೂಡಲೇ ತೋರಲ್ಲ, ಮುಂದಿನ ಏರಿನಲ್ಲಿ ತೋರುತ್ತದೆ. ಇದನ್ನು ಓದಿ ಭಾನುವಾರದ ರೈಡಿಗೆ 120 ಗ್ರಾಂ ಕುಡಿದುಬಿಡಬೇಡಿ, ಅಭ್ಯಾಸವಿಲ್ಲದ ಹೊಟ್ಟೆ ತಡೆಯಲ್ಲ. 60ರಿಂದ ಶುರು ಮಾಡಿ, ಗ್ಲೂಕೋಸ್ ಜೊತೆ ಫ್ರಕ್ಟೋಸ್ ಇರಲಿ, ವಾರವಾರ ಸ್ವಲ್ಪ ಸ್ವಲ್ಪ ಏರಿಸಿ.

ಕೊನೆಗೆ ಒಂದು ತಿದ್ದುಪಡಿ. ನಿಮ್ಮ ಶೀಟಲ್ಲಿ 2022ಕ್ಕೆ, ವಿಂಗೆಗಾರ್ಡ್ ಗೆದ್ದ ಅಂತರ ಅಂತ, 2:43 ಹಾಕಿದ್ದೀರಿ. ಅದು ಅಧಿಕೃತ ಸಂಖ್ಯೆ, ತಪ್ಪಲ್ಲ, ಆದರೆ 20ನೇ ಸ್ಟೇಜ್ ಮುಗಿದಾಗ ಅಂತರ 3:34 ಇತ್ತು. ಪ್ಯಾರಿಸ್‌ನಲ್ಲಿ ವಿಂಗೆಗಾರ್ಡ್ ತಂಡದವರ ಜೊತೆ ಸಾವಕಾಶವಾಗಿ ಗೆರೆ ದಾಟಿದ, 51 ಸೆಕೆಂಡ್ ಅಲ್ಲಿ ಹೋಯಿತು. ಹೋಲಿಕೆಗೆ 3:34 ಹಾಕಿ, ಉಳಿದ ವರ್ಷಗಳಿಗೂ ಕೊನೆಯ ದಿನದ ಹಿಂದಿನ ಅಂತರವನ್ನೇ ತೆಗೆದುಕೊಳ್ಳಿ.