ಪಂಚಾಯ್ತಿ ರೊಕ್ಕದ ಲೆಕ್ಕ ಮೊಬೈಲ್‌ನಾಗ ಸಿಗ್ತೈತೇನ್ರಿ?

ಪ್ರಶ್ನೆ: ನಮ್ದು ಲಿಂಗಸುಗೂರು ತಾಲೂಕು, ಮುದಗಲ್ ಹತ್ರದ ಹಳ್ಳಿ. ಊರಿನ ವಾಟ್ಸಾಪ್ ಗ್ರೂಪಿನ್ಯಾಗ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಮೆಂಬರ್‌ಗಳು ಎಲ್ಲಾರೂ ಅದಾರ. ಓಣಿ ಚರಂಡಿ ತುಂಬಿ ಹರಿಯೋ ಫೋಟೋ ಹಾಕಿದ್ರ 'ನೋಡ್ತೀವಿ' ಅಂತಾರ, ಮತ್ತ ಕೇಳಿದ್ದಕ್ಕ ನನ್ನ ಗ್ರೂಪಿನಿಂದ ತಗದ್ರು. ನಾನು ದುಡಿಯಾಕ ಬೆಂಗಳೂರಿಗೆ ಬಂದೀನಿ. ಇಲ್ಲಿಂದನ ಪಂಚಾಯ್ತಿ ಲೆಕ್ಕ ನೋಡಾಕ ಬರ್ತೈತೇನ್ರಿ?

ಉತ್ತರ: ಬರ್ತೈತ್ರಿ. ಕೇಳಿದವ್ರನ್ನ ಗ್ರೂಪಿನಿಂದ ತಗದದ್ದು ತಪ್ಪು, ಆದ್ರ ಆ ಗ್ರೂಪಿಗೆ ಸರ್ಕಾರಿ ಕಿಮ್ಮತ್ತಿಲ್ಲ, ಅದಕ್ಕ ಬ್ಯಾಸರ ಮಾಡ್ಕೋಬ್ಯಾಡ್ರಿ. 2020ರ ಏಪ್ರಿಲ್‌ನಾಗ ಕೇಂದ್ರ ಸರ್ಕಾರ ಇ-ಗ್ರಾಮಸ್ವರಾಜ್ ಅಂತ ಪೋರ್ಟಲ್ ಚಾಲೂ ಮಾಡೈತಿ, ಅದರಾಗ ರಾಜ್ಯ, ಜಿಲ್ಲೆ, ತಾಲೂಕು, ಪಂಚಾಯ್ತಿ, ವರ್ಷ ಆರಿಸ್ಕೊಂತ ಹೋದ್ರ ಆ ವರ್ಷದ ಪ್ಲ್ಯಾನ್‌ನಾಗ ಏನೇನು ಕಾಮಗಾರಿ ಬರ್ದಾರ, ಎಷ್ಟೆಷ್ಟು ರೊಕ್ಕ ಇಟ್ಟಾರ ಅಂತ ಸಾಲಾಗಿ ಬರ್ತೈತಿ. ನಮ್ಮ ಕಡೆ ಕಾಮಗಾರಿ ಹೆಸರು ಹೆಂಗ ಬರೀತಾರ ನಿಮಗ ಗೊತ್ತೈತಲ್ಲ, ಇಂಥವ್ರ ಮನಿಯಿಂದ ಇಂಥವ್ರ ಮನಿ ತನಕ ಸಿಸಿ ಚರಂಡಿ ಅಂತ. ಆ ಎರಡು ಮನಿ ನಡುವ ಚರಂಡಿ ಆಗೇತೋ ಇಲ್ಲೋ ಅನ್ನೋದು ಆಫೀಸಿನ್ಯಾಗ ಕುಂತು ನೋಡೋರಿಗೆ ತಿಳಿಯಂಗಿಲ್ಲ, ದಿನಾ ಅದನ್ನ ದಾಟ್ಕೊಂಡು ಹೋಗೋ ನಿಮ್ಮ ಮನಿಯವ್ರಿಗೆ ತಿಳೀತೈತಿ. ಅದಕ್ಕ ಆ ಪೇಜಿನ ಸ್ಕ್ರೀನ್‌ಶಾಟ್ ಅವ್ರಿಗೆ ಕಳಸ್ರಿ, ಮುದಗಲ್ಲಿನ್ಯಾಗ ಪ್ರಿಂಟ್ ತಗಸ್ರಿ.

'ಚರಂಡಿಗೆ ಫಂಡಿಲ್ಲ' ಅಂದ್ರೂ ಅಷ್ಟಕ್ಕ ಸುಮ್ಮನಾಗಬ್ಯಾಡ್ರಿ. ಕೇಂದ್ರದಿಂದ ಪಂಚಾಯ್ತಿಗಳಿಗೆ ಕೊಟ್ಟ 15ನೇ ಹಣಕಾಸು ಆಯೋಗದ 2021-26ರ ಅನುದಾನದಾಗ 60 ಪರ್ಸೆಂಟ್ ಕುಡಿಯೋ ನೀರು, ನೈರ್ಮಲ್ಯಕ್ಕಂತನ ಮೀಸಲಿಟ್ಟಿದ್ದು, ಅದು ಎಲ್ಲಿ ಖರ್ಚಾತು ಅಂತ ಕೇಳ್ರಿ.

ಫೋನ್‌ನಾಗ ದೂರು ಕೊಡೋದಿದ್ರ ರಾಜ್ಯ ಸರ್ಕಾರದ 1902ಕ್ಕ ಹಚ್ರಿ, ದೂರಿನ ನಂಬರ್ ಬರ್ದಿಟ್ಕೊಳ್ರಿ.

ಆದ್ರ ಪೋರ್ಟಲ್ ನೋಡಿದ್ರ ಕೆಲಸ ಆಗಂಗಿಲ್ಲ, ನನಗ ಇದನ್ನ ಒತ್ತಿ ಹೇಳ್ಬೇಕನಸ್ತೈತಿ, ಪಂಚಾಯ್ತಿಯವ್ರು ಉತ್ತರ ಕೊಡ್ಬೇಕಾದ ಜಾಗ ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದ್ರೂ ಅದು ನಡೀಬೇಕು. ನಿಮ್ಮವ್ವ ಆ ಪ್ರಿಂಟ್ ಹಿಡ್ಕೊಂಡು ಎದ್ದು ನಿಂತು ಕೇಳಬಹುದು, ಕೇಳಿದ್ದು ನಡಾವಳಿ ಪುಸ್ತಕದಾಗ ಬರಸ್ಬೇಕು, ಬರ್ದದ್ದನ್ನ ಅಲ್ಲೇ ಓದಿಸ್ಬೇಕು. ಲಿಖಿತ ಅರ್ಜಿ ಕೊಟ್ರ ಸೀಲ್ ಹಾಕಿದ ಸ್ವೀಕೃತಿ ಇಸ್ಕೊಳ್ರಿ.

ಇನ್ನೊಂದು ಮಾತು. ಗುಳೆ ಹೋದ ಮಂದಿ ಇಲ್ದಾಗ ಸಭೆ ಮುಗಿಸಿದ್ರ ಊರಿನ ಅರ್ಧ ಕಷ್ಟ ಅಲ್ಲಿ ಬರೋದೇ ಇಲ್ಲ. ಮೊಹರಂಗೆ ನೀವೆಲ್ಲಾ ಊರಿಗೆ ಬರ್ತೀರಿ, ಮುಂದಿನ ಗ್ರಾಮಸಭೆ ಆ ವಾರದಾಗ ಇಡ್ರಿ ಅಂತ ಈಗಿಂದನ ಅಧ್ಯಕ್ಷರಿಗೆ ನಾಲ್ಕು ಮಂದಿ ಸಹಿ ಮಾಡಿ ಅರ್ಜಿ ಕೊಡ್ರಿ.