ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಮಾತ್ರೆ ಕೊಟ್ಟರೆ ಮಗು ಮುಂದೆ ಡ್ರಗ್ಸ್ ಚಟಕ್ಕೆ ಬೀಳುತ್ತದೆಯೇ?

ಇಲ್ಲ, ಇದುವರೆಗಿನ ಅಧ್ಯಯನಗಳು ಹಾಗೆ ಹೇಳುವುದಿಲ್ಲ.

8 ವರ್ಷದ ಮಗನಿಗೆ ಡಾಕ್ಟರ್ ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ಬರೆದುಕೊಟ್ಟಿದ್ದಾರೆ, ಕೊಡಲು ಭಯ ಎಂದಿದ್ದೀರಿ. ಭಯ ಸಹಜ. ಮೆಡಿಕಲ್ ಶಾಪ್‌ನಲ್ಲಿ ಈ ಮಾತ್ರೆಗೆ ಚೀಟಿಯ ಎರಡು ಪ್ರತಿ ಬೇಕು, ಒಂದನ್ನು ಅವರೇ ಇಟ್ಟುಕೊಳ್ಳುತ್ತಾರೆ. ಅದನ್ನು ನೋಡಿದರೆ ಯಾವ ತಾಯಿಗಾದರೂ ಎದೆ ಧಸಕ್ ಅನ್ನುತ್ತದೆ, ಅಲ್ವಾ?

2013ರಲ್ಲಿ ಸಂಶೋಧಕರು 15 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. 2,500ಕ್ಕೂ ಜಾಸ್ತಿ ಜನರ ಮಾಹಿತಿ. ಎಡಿಎಚ್‌ಡಿ ಇದ್ದೂ ಔಷಧಿ ತೆಗೆದುಕೊಳ್ಳದವರಿಗೆ ಹೋಲಿಸಿದರೆ, ಚಿಕ್ಕಂದಿನಲ್ಲಿ ಇಂಥ ಔಷಧಿ ತೆಗೆದುಕೊಂಡವರಲ್ಲಿ ಕುಡಿತ, ಸಿಗರೇಟು, ಗಾಂಜಾ, ಕೊಕೇನ್ ಯಾವುದರ ಚಟವೂ ಹೆಚ್ಚಿರಲಿಲ್ಲ. ಕಡಿಮೆಯೂ ಇರಲಿಲ್ಲ. ಆದರೆ 2014ರ ಸ್ವೀಡನ್ ಅಧ್ಯಯನದಲ್ಲಿ ಔಷಧಿ ಪಡೆದವರಲ್ಲಿ ಚಟ ಕಡಿಮೆ ಕಂಡಿತು. ಆದರೂ ಮಾತ್ರೆಯೇ ಮಗುವನ್ನು ಕಾಯುತ್ತದೆ ಎಂದು ನಾನು ಹೇಳಲಾರೆ.

ನಿಜವಾದ ಅಪಾಯ ಇರುವುದು ಎಡಿಎಚ್‌ಡಿಯಲ್ಲೇ. ಯೋಚಿಸುವ ಮೊದಲೇ ಕೈ ಹಾಕುವ ಸ್ವಭಾವ, ದಿನಾ ಬೈಗುಳ, 'ನಾನು ದಡ್ಡ' ಎಂಬ ನೋವು. ಹದಿವಯಸ್ಸಿನಲ್ಲಿ ಇವೇ ಮಕ್ಕಳನ್ನು ಅಡ್ಡದಾರಿಗೆ ಎಳೆಯಬಹುದು. ಮಾತ್ರೆ ಕೊಡದಿದ್ದರೆ ಈ ಅಪಾಯವೇನೂ ಹೋಗುವುದಿಲ್ಲ.

ಡಾಕ್ಟರ್ ಹೇಳಿದ ಅಳತೆಯಲ್ಲಿ ನುಂಗಿದ ಮಾತ್ರೆ ಮಿದುಳಿಗೆ ನಿಧಾನವಾಗಿ ತಲುಪುತ್ತದೆ, ಅಮಲೇರುವುದಿಲ್ಲ. ಪುಡಿ ಮಾಡಿ ಮೂಗಿಗೆ ಎಳೆದರೆ ಕತೆ ಬೇರೆ. ಅದಕ್ಕೇ ಡಬ್ಬಿ ನಿಮ್ಮ ಕೈಯಲ್ಲೇ ಇರಲಿ, ಎಣಿಸಿ ಕೊಡಿ. ಪರೀಕ್ಷೆ ಹೊತ್ತಿಗೆ 'ಒಂದು ಕೊಡೋ' ಎನ್ನುವ ಗೆಳೆಯರು ಮುಂದೆ ಬರಬಹುದು. ಮನೆಯಲ್ಲಿ ಯಾರಿಗಾದರೂ ಚಟವಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ದುರುಪಯೋಗದ ಭಯ ಕಡಿಮೆ ಇರುವ ಅಟೊಮಾಕ್ಸೆಟಿನ್‌ನಂಥ ಬೇರೆ ಬಗೆಯ ಔಷಧಿಯೂ ಇದೆ.