ಫಿಲ್ ಕೇಗಿಯ ‘ವಾಟ್ ಎ ಡೇ’ ಕೇಳಿ

ಕ್ರೈಸ್ತ ರಾಕ್ ಗಾಯಕ ಲ್ಯಾರಿ ನಾರ್ಮನ್ ಮತ್ತು ‘ಲವ್ ಸಾಂಗ್’ ತಂಡವನ್ನು ಕೇಳಿ ಮುಗಿಸಿದ್ದೀರಿ. ಜೀಸಸ್ ಮ್ಯೂಸಿಕ್, ಅಂದರೆ ಅಮೆರಿಕದ ಮೊದಮೊದಲ ಕ್ರೈಸ್ತ ರಾಕ್ ಸಂಗೀತ, ಅದರ ಕಾಲದ ಇಂಪಾದ ರಾಕ್‌ನಲ್ಲಿ ಎಲ್ಲರೂ ಮರೆತ ಆಲ್ಬಂ ಯಾವುದೆಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಅದು 1973ರ ‘ವಾಟ್ ಎ ಡೇ’.

ಒಹಾಯೋದ ‘ಗ್ಲಾಸ್ ಹಾರ್ಪ್’ ರಾಕ್ ತಂಡದಲ್ಲಿದ್ದ ಫಿಲ್ ಕೇಗಿ, 1970ರಲ್ಲಿ ತಾಯಿ ಕಾರು ಅಪಘಾತದಲ್ಲಿ ತೀರಿಕೊಂಡ ಬಳಿಕ ಕ್ರಿಸ್ತನತ್ತ ತಿರುಗಿದವರು. 1972ರಲ್ಲಿ ತಂಡ ಬಿಟ್ಟರು, ಮರುವರ್ಷ ಇದನ್ನು ಹೊರತಂದರು. ವಾದ್ಯಗಳನ್ನೆಲ್ಲ ಅವರೇ ನುಡಿಸಿದ್ದಾರೆ, ದನಿಗಳನ್ನೂ ತಾವೇ ಒಂದರ ಮೇಲೊಂದು ಜೋಡಿಸಿದ್ದಾರೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1970ರಲ್ಲಿ ಹೀಗೆಯೇ ವಾದ್ಯಗಳನ್ನೆಲ್ಲ ತಾವೇ ನುಡಿಸಿ ಆಲ್ಬಂ ಮಾಡಿದ್ದರು. ಕೇಗಿಯ ಕಂಠವೂ ಅವರನ್ನೇ ನೆನಪಿಸುತ್ತದೆ. ಕೇಗಿಯ ಬಲಗೈಯ ನಡುಬೆರಳು ಅರ್ಧ ಮಾತ್ರ ಇದೆ. ನಾಲ್ಕನೇ ವಯಸ್ಸಿನಲ್ಲಿ ನೀರಿನ ಪಂಪ್‌ಗೆ ಸಿಕ್ಕಿ ತುಂಡಾಯಿತು. ತಂತಿ ಮೀಟುವುದು ಆ ಕೈಯೇ ಎಂದು ತಿಳಿದ ಮೇಲೆ ಅಕೌಸ್ಟಿಕ್ ಗಿಟಾರ್‌ನ ಭಾಗಗಳನ್ನು ಮತ್ತೊಮ್ಮೆ ಕೇಳದೆ ಇರಲಾಗುವುದಿಲ್ಲ.

ಗಿಟಾರ್ ಪ್ರಿಯರು ಕೇಗಿಯನ್ನು ಕೊಂಡಾಡುವುದು ಹೆಚ್ಚಾಗಿ ನಂತರದ ಕೆಲಸಗಳಿಗೆ. ಹಾಗಾಗಿಯೇ ಈ ಮೊದಲ ಏಕವ್ಯಕ್ತಿ ಆಲ್ಬಂ ಮೂಲೆಗೆ ಬಿತ್ತೆಂದು ಕಾಣುತ್ತದೆ. ಸಾಹಿತ್ಯ ನೇರ ಭಕ್ತಿಯದು, ಕೆಲವೆಡೆ ಸಪ್ಪೆ. ನಾರ್ಮನ್‌ನ ಕಟಕಿಯನ್ನು ಇಲ್ಲಿ ಹುಡುಕಬೇಡಿ. ರಾಗ ಮಾತ್ರ ಎಲ್ಲಿಯೂ ಸೋಲುವುದಿಲ್ಲ. ಸ್ಟುಡಿಯೋ ನಯ ಬೇಕಿದ್ದರೆ ಕೇಗಿಯದೇ 1976ರ ‘ಲವ್ ಬ್ರೋಕ್ ಥ್ರೂ’ ಇದೆ, ಆದರೆ ಮೊದಲು ಇದನ್ನೇ ಕೇಳಿ.